ನೂಲು ಕಟ್ಟಿ ಹುಡುಕಿದ ಸೋರಿಕೆ

ಎಂಜಿನ್ ಚಾಲೂ ಇದ್ದಾಗ ಪೈಪಿಗೆ ಕೈ ಹಚ್ಚಬಾರದು ಎಂದು ಧರ್ಮರಾಜನಿಗೆ ನಾನು ಮೊದಲ ದಿನವೇ ಹೇಳಿದ್ದೆ. ಹೈಡ್ರಾಲಿಕ್ ಎಣ್ಣೆಯ ಒತ್ತಡ ನಲ್ಲಿ ನೀರಿನ ಒತ್ತಡವಲ್ಲ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮ ಸೀಳಿ ಒಳಗೆ ಹೋಗಿ ಕೂರುತ್ತದೆ. ಬೀಳಗಿಯ ಗುರುಪಾದನಿಗೆ ಹೀಗೇ ಆಯಿತು. ಬೆರಳ ಮೇಲೆ ಇರುವೆ ಕಚ್ಚಿದಷ್ಟು ಕಲೆ. ಅವನು ನಕ್ಕು, ಕೈ ಒರೆಸಿಕೊಂಡು ಊಟಕ್ಕೆ ಕೂತ. ಮರುದಿನ ಆ ಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು.

ಧರ್ಮರಾಜ ಎಲ್ಲ ಕೇಳಿ ತಲೆಯಾಡಿಸಿದ. ಆದರೆ ಅವನ ಕೈ ಕೇಳಬೇಕಲ್ಲ. ಬನಹಟ್ಟಿಯ ನೇಕಾರರ ಮನೆತನ. ಮಗ್ಗ ಮಾರಿ, ಮಣ್ಣು ಅಗೆಯುವ ಹಳೆಯ ಪೊಕ್ಲೇನ್ ಯಂತ್ರ ತಂದವನು. ನೇಯ್ದ ಬಟ್ಟೆಯ ಮೇಲೆ ಅಂಗೈ ಸವರಿ, ತಪ್ಪು ಎಲ್ಲಿದೆ ಎಂದು ಆಚೆ ಮುಖ ಮಾಡಿಕೊಂಡೇ ಹೇಳಬಲ್ಲವನು. ಕಣ್ಣಿಗಿಂತ ಕೈಯನ್ನೇ ಹೆಚ್ಚು ನಂಬಿದ ಮನುಷ್ಯ.

ಅವನ ಯಂತ್ರ ಬೀಳಗಿ ಕಡೆಯ ಕಾಲುವೆಯೊಂದರ ಹೂಳೆತ್ತುತ್ತಿತ್ತು. ಬೂಮು, ಅಂದರೆ ಮೇಲೇಳುವ ದೊಡ್ಡ ತೋಳು, ಎತ್ತಿದಾಗಲೆಲ್ಲ ಅದರ ಬುಡದ ಜಾಯಿಂಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಾನು ಮುಧೋಳದ ನನ್ನ ಗ್ಯಾರೇಜಿನಿಂದ ಹೋಗಿ ಮೊದಲು ರಬ್ಬರ್ ಹೋಸು ಬದಲಿಸಿದೆ, ಆಮೇಲೆ ಸೀಲು ಬದಲಿಸಿದೆ. ಎರಡೂ ಸಲ ನಿಲ್ಲಲಿಲ್ಲ. ಮೂರನೆಯ ಸಲ ಹೋದಾಗ ನನ್ನ ತಲೆ ಮೊದಲೇ ಕಾದಿತ್ತು.

ಡ್ರೈವರ್ ಹೊಳೆಪ್ಪ ಕ್ಯಾಬಿನ್ನಿನಲ್ಲಿ ಕೂತು ಬೂಮು ಎತ್ತಿ ಹಿಡಿದಿದ್ದ. ನಾನು ಪೆಟ್ಟಿಗೆಯಿಂದ ಪಾನಾ ತೆಗೆದು ತಿರುಗಿ ನೋಡಿದರೆ ಧರ್ಮರಾಜನ ಅಂಗೈ ಪೈಪಿನಿಂದ ಒಂದು ಗೇಣು ದೂರದಲ್ಲಿತ್ತು. ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದೆ. ಕೆಸರಿನಲ್ಲಿ ಕುಕ್ಕರಿಸಿ ಬಿದ್ದ.

"ಬೆರಳ ಬ್ಯಾಡಾಗ್ಯಾವೇನ್ಲೇ ನಿನಗ?"

ಅವನು ಎದ್ದು ಪ್ಯಾಂಟು ಕೊಡವಿಕೊಂಡ. "ಬೈರಿ ಅಣ್ಣಾರ, ಬೈಸ್ಕೊಂತೇನಿ. ಆದ್ರ ಮುಟ್ಟದ ಹುಡುಕೂದು ಹ್ಯಾಂಗ್ ಹೇಳ್ರಿ. ನೀವು ಕಣ್ಣಿಂದ ನೋಡೇ ಎರಡ ಸಲ ಸಾಮಾನ ಬದಲ ಮಾಡೀರಿ. ನಿಂತೈತೇನ್ರಿ?"

ಹೊಳೆಪ್ಪ ಆ ಕಡೆ ಮುಖ ತಿರುಗಿಸಿದ. ನಗುತ್ತಿದ್ದಾನೆಂದು ಅವನ ಹೆಗಲು ನೋಡಿಯೇ ತಿಳಿಯಿತು. ಎಂಜಿನ್ ಬಂದ್ ಮಾಡು ಎಂದು ಅವನ ಮೇಲೆ ರೇಗಿದೆ.

ಧರ್ಮರಾಜ ಬಗ್ಗಿ ಆ ಜಾಯಿಂಟನ್ನು ನೋಡಿದ. ಎಣ್ಣೆ ಸೋರಿದಲ್ಲೇ ತೊಟ್ಟಿಕ್ಕುತ್ತದೆಯೇ ಎಂದು ಕೇಳಿದ. ಮತ್ತೆಲ್ಲಿ ತೊಟ್ಟಿಕ್ಕಬೇಕು ಎಂದೆ.

"ನೇಯ್ದ ಅರಿವ್ಯಾಗ ತಪ್ಪ ಕಾಣೂದು ಮುಂದರಿ, ಎಳಿ ಹರದಿರೂದು ಹಿಂದ," ಎಂದ.

ಅವನ ಬೈಕಿನ ಡಿಕ್ಕಿಯಲ್ಲಿ ಬಿಳಿ ಹತ್ತಿ ನೂಲಿನ ಅರ್ಧ ಮುಗಿದ ಸುರುಳಿ ಇತ್ತು. ಒತ್ತಡ ಬಿಟ್ಟು, ಪೈಪುಗಳನ್ನೆಲ್ಲ ಡೀಸೆಲ್ಲಿನಿಂದ ತೊಳೆದು ಒಣಗಿಸಿ, ಬುಡದಿಂದ ಮೇಲಿನವರೆಗೆ ಗೇಣಿಗೊಂದರಂತೆ ನೂಲು ಕಟ್ಟೋಣ ಎಂದ. ಎಣ್ಣೆ ಮೇಲಿನಿಂದ ಹರಿದು ಬರುತ್ತಿದ್ದರೆ ತೊಯ್ದ ನೂಲೇ ದಾರಿ ತೋರಿಸುತ್ತದಂತೆ. ಇದೇನು ದಾರ ಕಟ್ಟಿ ದೆವ್ವ ಬಿಡಿಸುವ ಕೆಲಸವೇ ಎಂದು ಗೊಣಗಿದೆ. ಆದರೂ ನೋಡೇಬಿಡಬೇಕು ಅನ್ನಿಸಿ ನಾನೂ ಕಟ್ಟಲು ನಿಂತೆ. ನಾನು ಕಟ್ಟಿದ್ದೆಲ್ಲ ಕೆಳಕ್ಕೆ ಜಾರುತ್ತಿತ್ತು.

"ಎತ್ತು ಕಟ್ಟೂ ಗಂಟ ಅಲ್ರಿ ಅಣ್ಣಾರ ಇದು," ಎನ್ನುತ್ತ ಅವನು ಅವನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ.

ನಾವಿಬ್ಬರೂ ದೂರ ನಿಂತೆವು. ಹೊಳೆಪ್ಪ ಬೂಮನ್ನು ಕೆಲವು ಸಲ ಎತ್ತಿ ಇಳಿಸಿದ. ತೋಳಿನ ತುದಿಯ ಮಣ್ಣೆತ್ತುವ ಬಕೆಟ್ಟು ನೆಲಕ್ಕೂರಿ, ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ಬಿಟ್ಟ ಮೇಲೆ ಹತ್ತಿರ ಹೋದೆವು. ಬುಡದ ಜಾಯಿಂಟಿನ ನೂಲು ತೊಯ್ದಿತ್ತು. ನಾನು ಹೇಳಿರಲಿಲ್ಲವೇ ಎಂದು ಬಾಯಿ ತೆರೆಯುವಷ್ಟರಲ್ಲಿ ಅದರ ಮೇಲಿನದೂ ತೊಯ್ದದ್ದು ಕಂಡಿತು. ಅದರ ಮೇಲಿನದೂ. ಹೀಗೆ ಕಬ್ಬಿಣದ ಪೈಪನ್ನು ಬೂಮಿಗೆ ಬಿಗಿದಿಟ್ಟ ಕ್ಲಾಂಪಿನವರೆಗೂ ಒದ್ದೆ. ಕ್ಲಾಂಪಿನ ಮೇಲಿನ ನೂಲು ಕಟ್ಟಿದಾಗ ಎಷ್ಟು ಬಿಳಿ ಇತ್ತೋ ಅಷ್ಟೇ ಬಿಳಿ.

ಕ್ಲಾಂಪು ಬಿಚ್ಚಿದೆ. ಅದು ಸಡಿಲಾಗಿ, ಅಲುಗಾಟಕ್ಕೆ ಪೈಪು ತಿಕ್ಕಿ ತಿಕ್ಕಿ ಅಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ತೂತು ಮಾತ್ರ ಇಲ್ಲ. ಉಗುರಿನಿಂದ ಕೆರೆದೆ, ಕಣ್ಣು ಕಿರಿದು ಮಾಡಿ ನೋಡಿದೆ. ಧರ್ಮರಾಜನೂ ಬೆರಳಾಡಿಸಿ, ಕೈಗೂ ಹತ್ತುತ್ತಿಲ್ಲ ಎಂದ.

ಈಗ ಇಬ್ಬರಿಗೂ ಒಂದೇ ಹಟ. ಹೋಸು ಬಂದಿದ್ದ ರಟ್ಟಿನ ಡಬ್ಬಿ ಹರಿದು, ಒಂದು ತುಂಡನ್ನು ಉದ್ದ ಬಿದಿರ ಗಳಕ್ಕೆ ಕಟ್ಟಿದೆವು. ಎಂಜಿನ್ ಚಾಲೂ ಆಯಿತು. ಗಳದ ತುದಿ ಹಿಡಿದು ದೂರದಿಂದ ರಟ್ಟನ್ನು ಪೈಪಿನ ಬಳಿ ಒಡ್ಡಿದೆ. ಹೊಳೆಪ್ಪ ಬೂಮು ಎತ್ತಿದ. ಗಾಳಿಯಲ್ಲಿ ಏನೂ ಕಾಣಲಿಲ್ಲ, ಒಂದು ಹನಿಯೂ ಇಲ್ಲ. ರಟ್ಟು ಮಾತ್ರ ಸಣ್ಣಗೆ ನಡುಗಿತು. ಹತ್ತಿರ ತಂದು ನೋಡಿದರೆ ಬ್ಲೇಡಿನಿಂದ ಗೀರಿದಂತೆ ಈ ಬದಿಯಿಂದ ಆ ಬದಿಗೆ ಸೀಳಿತ್ತು.

ಧರ್ಮರಾಜ ಇನ್ನೊಂದು ಸಲ ಹಿಡಿಯಲು ಹೇಳಿದ. ಹಿಡಿದೆ. ಇನ್ನೊಂದು ಸೀಳು. ಅವನು ಆ ರಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ನಾ ಕೈ ಇಟ್ಟಿದ್ನೆಲ್ರಿ, ಅದು ಇಲ್ಲೇ ಏನ್ರಿ?"

"ಇನ್ನೊಂದ ಗೇಣ ಮುಂದ ಇಟ್ಟಿದ್ರ ಇಲ್ಲೇ."

ಹೊಸ ಪೈಪು ಮಾಡಿಸಲು ಹಳೆಯದನ್ನು ಬಿಚ್ಚಿ ಜಮಖಂಡಿಗೆ ಒಯ್ಯಬೇಕಿತ್ತು. ಎಂಜಿನ್ ನಿಂತಿತ್ತು, ಬಕೆಟ್ಟು ನೆಲದ ಮೇಲಿತ್ತು. ಪೈಪಿನ ಆ ತುದಿ ಹಿಡಿ ಎಂದು ಧರ್ಮರಾಜನಿಗೆ ಹೇಳಿದೆ. ಅವನ ಕೈ ಮುಂದೆ ಬಂದು ನಡುವೆಯೇ ನಿಂತಿತು.

"ಪ್ರೆಶರ್ ಬಿಟ್ಟೀರೇನ್ರಿ?"

ಬಿಟ್ಟಿದ್ದೇನೆ ಎಂದೆ. ಹೊಳೆಪ್ಪನನ್ನೂ ಕೇಳಿದ. ಅವನೂ ಹೌದೆಂದ. ಮತ್ತೆ ನನ್ನ ಕಡೆ ತಿರುಗಿ ಅದನ್ನೇ ಕೇಳಿದ. ಕೇಳಿದ್ದನ್ನೇ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಕ್ಯಾಬಿನ್ ಹತ್ತಿ, ಅವನು ನೋಡುತ್ತಿದ್ದಂತೆ ಲಿವರನ್ನು ಹಿಂದೆ ಮುಂದೆ ಆಡಿಸಿ ತೋರಿಸಿದೆ. ಬೂಮು ಅಲುಗಲಿಲ್ಲ.

ಆಗ ಪೈಪು ಹಿಡಿದ.