ಒಂಬತ್ತನೇ ತಿಂಗಳ ಗುರುತು

ಮಕ್ಕಳ ಆಸ್ಪತ್ರೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ನರ್ಸು. ಬರೀ ನೆಗಡಿಯೋ, ಎದೆಗೆ ಇಳಿದಿದೆಯೋ, ಮಗು ಬಾಗಿಲು ದಾಟಿ ಬರುವಷ್ಟರಲ್ಲಿ ಹೇಳುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು. ಹೊಸ ಡಾಕ್ಟರುಗಳು ಕೂಡ "ಸಿಸ್ಟರ್, ನಿಮಗೇನನ್ಸತ್ತೆ?" ಎಂದು ಕೇಳುತ್ತಿದ್ದರು. ಕೇಳಿ ಕೇಳಿಯೇ ನನ್ನ ತಲೆ ತಿರುಗಿಸಿಬಿಟ್ಟರು. ಅದರ ದಂಡ ತೆತ್ತದ್ದು ನಾನಲ್ಲ, ನನ್ನ ತಮ್ಮನ ಮಗ.

ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಅಮ್ಮ, ತಮ್ಮ, ಅವನ ಹೆಂಡತಿ, ನಾನು. ಮಗು ಹುಟ್ಟಿದಾಗ ಅಮ್ಮ ಅವನನ್ನು 'ಸಾಧು' ಎಂದು ಕರೆದಳು. ಮಿಕ್ಸಿ ತಿರುಗಲಿ, ಬಾಗಿಲು ಬಡಿಯಲಿ, ತೊಟ್ಟಿಲಲ್ಲಿ ಅಲುಗದೆ ಮಲಗಿರುತ್ತಿದ್ದ. ಇಂಥ ತಣ್ಣನೆ ಮಗು ನಮ್ಮ ವಂಶದಲ್ಲೇ ಹುಟ್ಟಿರಲಿಲ್ಲ ಎಂದು ಬಂದವರ ಮುಂದೆಲ್ಲ ಹೇಳಿಕೊಂಡಳು. ನಾನೂ ತಲೆಯಾಡಿಸಿದೆ. ಬೇರೆ ಯಾರ ಮಗುವನ್ನಾದರೂ ಹೀಗೆ ಹೊಗಳಿದ್ದರೆ ನನ್ನ ಹುಬ್ಬು ಗಂಟಿಕ್ಕುತ್ತಿತ್ತು.

ಒಂಬತ್ತನೇ ತಿಂಗಳಿಗೆ ಬೆಳವಣಿಗೆ ಕಾರ್ಡು ತುಂಬಬೇಕು. ಕೂರುತ್ತಾನಾ, ಸಣ್ಣ ವಸ್ತು ಹಿಡಿಯುತ್ತಾನಾ, ಸದ್ದು ಬಂದ ಕಡೆ ತಿರುಗುತ್ತಾನಾ. ಕಿವಿಯ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಎದುರಿಗೆ ಕೂತು ಆಟಿಕೆ ತೋರಿಸಬೇಕು, ಇನ್ನೊಬ್ಬರು ಹಿಂದಿನಿಂದ, ಮಗುವಿನ ಕಣ್ಣಿಗೆ ಬೀಳದ ಹಾಗೆ, ಮೆಲ್ಲಗೆ ಗಿಲಕಿ ಆಡಿಸಬೇಕು. ನೆರಳೂ ಬೀಳಬಾರದು ಎಂದು ಹೊಸ ಹುಡುಗಿಯರಿಗೆ ಕಲಿಸಿ ಕಲಿಸಿ ನನ್ನ ಗಂಟಲು ಹರಿದುಹೋಗಿದೆ.

ಸಾಧುವನ್ನು ಮಾತ್ರ ನಾನು ಆಸ್ಪತ್ರೆಗೆ ಕರೆಸಲೇ ಇಲ್ಲ. ಕೆಮ್ಮುವ ಮಕ್ಕಳ ಸಾಲಿನಲ್ಲಿ ಚೆನ್ನಾಗಿರೋ ಮಗುವನ್ನು ಯಾಕೆ ಕೂರಿಸಬೇಕು, ಮನೆಯಲ್ಲಿ ನಾನಿರುವಾಗ? ಒಂದು ಭಾನುವಾರ ಮಂಚದ ಮೇಲೆ ಕೂರಿಸಿ, ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಸರಕ್ಕನೆ ತಿರುಗಿ ನಕ್ಕ. ನೋಡಿದ್ರಾ ನಮ್ಮ ಹುಡುಗನ್ನ, ಎಂದು ಒಂದೇ ಉಸಿರಿಗೆ ಮೂರೂ ಸಾಲಿಗೆ ಗುರುತು ಎಳೆದೆ.

ತಮ್ಮನ ಹೆಂಡತಿ ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿದಳು. "ಅಕ್ಕಾ, ಎದುರಿಗೆ ಬೀರು ಕನ್ನಡಿ ಇದೆಯಲ್ಲ. ಅದರಲ್ಲಿ ನೀವು ಕಾಣಿಸಿರಬಹುದು."

"ನನಗೇ ಪಾಠ ಹೇಳ್ತೀಯಾ?"

ನಗುತ್ತಲೇ ಅಂದೆ. ಮನೆಯವರೆಲ್ಲ ನಕ್ಕರು, ಅವಳೊಬ್ಬಳು ಬಿಟ್ಟು. ಕನ್ನಡಿ ನನಗೂ ಕಂಡಿತ್ತು. ಕನ್ನಡಿಗೆ ಬೆನ್ನು ಮಾಡಿ ಇನ್ನೊಮ್ಮೆ ಕೂರಿಸಿದ್ದರೆ ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ನನಗೆ ಅವಮಾನದ ಹಾಗೆ ಕಂಡಿತು.

ಆಮೇಲೆ ಅವಳು ಸುಮ್ಮನಿರಲಿಲ್ಲ. ಕುಕ್ಕರ್ ಕೂಗಿದರೂ ತಿರುಗಲ್ಲ ಎಂದಳು. ಬೆನ್ನ ಹಿಂದೆ ಹೆಸರು ಹಿಡಿದು ಕೂಗಿದರೆ ತನ್ನ ಪಾಡಿಗೆ ಆಡುತ್ತಿರುತ್ತಾನೆ ಎಂದಳು. ಒಂದೂವರೆ ವರ್ಷವಾದರೂ 'ಅಮ್ಮ' ಅನ್ನಲಿಲ್ಲ ಎಂದು ಅತ್ತಳು. ಅಮ್ಮನಿಗೆ ಅದಕ್ಕೊಂದು ಉತ್ತರ ಇತ್ತು: "ಇವನಪ್ಪನೂ ಮೂರು ವರ್ಷ ಬಾಯಿ ಬಿಡ್ಲಿಲ್ಲ." ನನಗೆ ಇನ್ನೊಂದು ಇತ್ತು: "ಫೋನಲ್ಲಿ ಕಂಡಿದ್ದೆಲ್ಲ ಓದ್ಕೊಂಡು ಮಗುಗೆ ಇಲ್ಲದ ಕಾಯಿಲೆ ಅಂಟಿಸ್ಬೇಡ." ತಮ್ಮನಂತೂ ಹೆಂಡತಿಯ ಬಾಯಿ ಮುಚ್ಚಿಸಲು ನನ್ನನ್ನೇ ಬಳಸುತ್ತಿದ್ದ. "ಅಕ್ಕ ನೋಡಿದಾಳಲ್ಲ, ಮುಗೀತು ಬಿಡು." ಕಾರ್ಡಿನ ಗುರುತು ನನ್ನ ಕೈಯದು, ಮನೆಯಲ್ಲಿ ಅದಕ್ಕಿಂತ ದೊಡ್ಡ ಕೋರ್ಟು ಇರಲಿಲ್ಲ.

ಹೆತ್ತವಳಿಗೆ ಗೊತ್ತಾಗುತ್ತದೆ ಎಂದು ಬೇರೆ ತಾಯಂದಿರಿಗೆ ದಿನಾ ಹೇಳುವವಳು ನಾನು. ನಮ್ಮನೆಯ ಹೆತ್ತವಳ ಮಾತನ್ನು ಕಿವಿ ಮೇಲೇ ಹಾಕಿಕೊಳ್ಳಲಿಲ್ಲ.

ಸಾಧುವಿಗೆ ಎರಡು ಮುಕ್ಕಾಲು ವರ್ಷವಾದಾಗ ಅವಳು ಯಾರಿಗೂ ಹೇಳದೆ ಅವನನ್ನು ಎತ್ತಿಕೊಂಡು ಊರಿನ ಇನ್ನೊಂದು ತುದಿಯ ಕಿವಿ ಆಸ್ಪತ್ರೆಗೆ ಹೋದಳು. ನಮ್ಮ ಆಸ್ಪತ್ರೆಗಲ್ಲ. ಪರೀಕ್ಷೆಯ ಫಲಿತಾಂಶ ಕೊಡುವ ದಿನ ಮಾತ್ರ ತಮ್ಮನಿಗೆ ಹೇಳಿದಳು; ಅವನು ಹೆದರಿ ನನ್ನನ್ನೂ ಹೊರಡಿಸಿದ. ಅವಳು ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ.

ಡಾಕ್ಟರಮ್ಮ ಹಾಳೆಯ ಮೇಲಿನ ಗೆರೆ ತೋರಿಸಿದರು. ಎರಡೂ ಕಿವಿ ಕೇಳುವುದಿಲ್ಲ. ಬಹುಶಃ ಹುಟ್ಟಿನಿಂದಲೇ. "ಒಂಬತ್ತು ತಿಂಗಳಿಗೇ ಕಂಡುಹಿಡಿದು ಕಿವಿಗೆ ಮಿಷನ್ ಹಾಕಿದ್ರೆ ಇಷ್ಟೊತ್ತಿಗೆ ಮಾತಾಡ್ತಿದ್ದ. ಈಗಲೂ ಹಾಕೋಣ, ಕಲಿಸೋಣ. ಆದ್ರೆ ಮಾತು ಕಲಿಯೋ ವಯಸ್ಸಲ್ಲಿ ಎರಡು ವರ್ಷ ಸುಮ್ನೆ ಹೋಯ್ತು. ಅದು ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ." ಕಾರ್ಡು ತಿರುವಿ ಹಾಕಿದರು. "ಇಲ್ಲಿ ಸದ್ದಿಗೆ ತಿರುಗ್ತಾನೆ ಅಂತ ಗುರುತಿದೆ. ಯಾರು ನೋಡಿದ್ದು?"

ತಮ್ಮ ನೆಲ ನೋಡಿದ.

"ಯಾರೋ ತುಂಬ ಅನುಭವ ಇರೋರು" ಎಂದಳು ಅವಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನೇ ಎಂದು ಹೇಳಲು ಆಗಲೂ ಹೊತ್ತಿತ್ತು, ಹೇಳಲಿಲ್ಲ. ಕೆಲಸದ ಭಯವಲ್ಲ. ಬರೀ ನಾಚಿಕೆ, ಹಾಳಾದ ನಾಚಿಕೆ.

ಮೂರು ವಾರದ ಮೇಲೆ ಮಿಷನ್ ಹಾಕಿದರು. ಆವತ್ತೇ ಮಾತು ಕಲಿಸುವ ಟೀಚರ ಬಳಿ ಮೊದಲ ಪಾಠ. ತಮ್ಮನಿಗೆ ರಜೆ ಸಿಗಲಿಲ್ಲ, ನಾನು ಬ್ಯಾಗು ಹೊತ್ತು ಹಿಂದೆ ಹೋದೆ. ಸಣ್ಣ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ. ಟೀಚರು ಡಬ್ಬಿ ಬಡಿದರು. ಸಾಧು ಬೆಚ್ಚಿಬಿದ್ದು ತಾಯಿಯ ಸೆರಗು ಹಿಡಿದುಕೊಂಡ. ಅವಳು ಅಳುತ್ತಾ ನಕ್ಕಳು. ನನಗೂ ಅಳು ಬಂತು, ಆದರೆ ಅಲ್ಲಿ ಅಳುವ ಹಕ್ಕು ನನಗಿದೆ ಅನ್ನಿಸಲಿಲ್ಲ.

"ಮೊದಲು ಮನೆಯೋರನ್ನ ಕರೆಯೋದು ಕಲಿಸೋಣ" ಎಂದರು ಟೀಚರು. "ಎಲ್ಲರ ಫೋಟೋನೂ ತನ್ನಿ. ಪ್ರತಿಯೊಬ್ಬರೂ ದಿನಾ ಅವನ ಎದುರು ಕೂತು ಮಾತಾಡ್ಬೇಕು. ಮನೇಲಿ ಯಾರ್ಯಾರಿದೀರಿ?"

"ನಾನು, ಇವನಪ್ಪ, ಅಜ್ಜಿ."

"ಮೂರೇ ಜನನಾ?"

"ಮೂರೇ ಜನ."

ಟೀಚರು ಬರೆದುಕೊಂಡು, ತಲೆ ಎತ್ತಿ ನನ್ನನ್ನು ನೋಡಿದರು. "ಮತ್ತೆ ಇವರು?"

ಅವಳು ಮಗುವಿನ ಕಿವಿಯ ಹಿಂದೆ ಜಾರಿದ ಮಿಷನ್ ಸರಿಮಾಡುತ್ತಿದ್ದಳು. ನನ್ನ ಕಡೆ ತಿರುಗಲೂ ಇಲ್ಲ.

"ಇವರು ಆಸ್ಪತ್ರೆಯವರು."

ಟೀಚರು ಮರ್ಯಾದೆಯಾಗಿಯೇ, ಪಾಠ ಮುಗಿಯುವವರೆಗೆ ಮನೆಯವರು ಮಾತ್ರ ಒಳಗಿರಬೇಕು ಎಂದರು. ನಾನು ಬ್ಯಾಗನ್ನು ಕುರ್ಚಿಯ ಪಕ್ಕ ಇಟ್ಟು ಹೊರಗೆ ಬಂದೆ.