ಹಳೇ ಹೆಸರಿನ ಬಾಣ

ನಮ್ಮ ಕಲಹಾರಿ ಮರುಭೂಮಿಯಲ್ಲಿ ಯಾರಾದರೂ ನಿಮ್ಮನ್ನು ಹೊಗಳಿದರೆ ಏನೋ ಎಡವಟ್ಟಾಗಿದೆ ಎಂದೇ ತಿಳಿಯಬೇಕು. ಕೊಬ್ಬಿದ ಬೇಟೆ ತಂದವನಿಗೂ ನಾವು 'ಈ ಮೂಳೆ ಚೀಲ ಹೊರೋದಕ್ಕೆ ಇಷ್ಟು ಜನರನ್ನ ಕರೆದ್ಯಾ' ಎನ್ನುತ್ತೇವೆ. ಅವನೂ ಹೌದೆಂದು ತಲೆಯಾಡಿಸುತ್ತಾನೆ. ಹಾಗಾಗಿ ಆ ಬೆಳಿಗ್ಗೆ ಮೊಮ್ಮಗ ನನ್ನ ಬಾಣವನ್ನು ಹೊಗಳಿದಾಗ ನನ್ನ ಎದೆ ಧಸಕ್ಕೆಂದಿತು.

ಹಿಂದಿನ ದಿನ ಗೆಡ್ಡೆ ಅಗೆಯಲು ಹೋಗಿದ್ದ ನನ್ನ ಹೆಂಡತಿ ಊಚೆ, ಒಣ ಹೊಂಡದ ಹತ್ತಿರ ಸುರುಳಿಗೊಂಬಿನ ಹುಲ್ಲೆಗಳ ಹೊಸ ಹೆಜ್ಜೆ ಕಂಡು ಬಂದಿದ್ದಳು. ಬೆಳಗಾಗುತ್ತಲೇ ಎಲ್ಲರೂ ಬೆಂಕಿಯ ಸುತ್ತ ಕೂತೆವು. ಹೊರಡುವವರು ಇಬ್ಬರು: ನನ್ನ ಮಗಳ ಮಗ ದೇಬೆ, ಅವನ ಭಾವಮೈದ ಕಾಶೆ. ನನ್ನ ಹೆಸರೂ ದೇಬೆಯೇ, ಅದನ್ನೇ ಅವನಿಗಿಟ್ಟಿದ್ದು. ನಾನು ಅವನಿಗೆ 'ಹಳೇ ಹೆಸರು', ಅವನು ನನಗೆ 'ಹೊಸ ಹೆಸರು'. ಒಂದೇ ಹೆಸರಿನವರು ಎಷ್ಟು ಬೇಕಾದರೂ ಬೈದಾಡಿಕೊಳ್ಳಬಹುದು. ನಾವಿಬ್ಬರೂ ಅದರಲ್ಲಿ ಕಡಿಮೆ ಮಾಡಿದವರಲ್ಲ.

"ಗಾಳಿ ಮೂಡಣದಿಂದ ಬೀಸ್ತಿದೆ. ಹೊಂಡ ಬಳಸ್ಕೊಂಡು ಪಡುವಣದ ಕಡೆಯಿಂದ ಹೋಗಿ," ಎಂದೆ.

"ಹೆಜ್ಜೆ ನೋಡಿದ್ದು ಅಜ್ಜಿ, ಗಾಳಿ ಮೂಸಿದ್ದು ನೀನು. ಇನ್ನು ನಾವ್ಯಾಕೆ? ನೀವಿಬ್ರೇ ಹೋಗ್ಬನ್ನಿ," ಎಂದ ಹೊಸ ಹೆಸರು.

"ಇವನನ್ನ ಕಳಿಸಿದ್ರೆ ಮುಳ್ಳುಮರಕ್ಕೆ ಬಾಣ ಬಿಟ್ಟು, ಮಾಂಸ ಎಲ್ಲಿ ಅಂತ ಕೂತ್ಕೋತಾನೆ," ಎಂದಳು ಊಚೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಮನಸ್ಸೆಲ್ಲ ತೊಡೆಯ ಮೇಲಿದ್ದ ಬಾಣದಲ್ಲಿತ್ತು. ನಮ್ಮಲ್ಲಿ ಮಾಂಸ ಹೊಡೆದವನದಲ್ಲ, ಬಾಣ ಯಾರದೋ ಅವರದು. ಹಂಚುವುದೂ ಅವರೇ. ಕಣ್ಣಿಗೆ ಮಂಜು ಕವಿದ ಮೇಲೆ, ಎರಡು ಮಳೆಗಾಲದಿಂದ, ನಾನು ಬೇರೆಯವರು ಕೊಟ್ಟಿದ್ದನ್ನೇ ತಿನ್ನುತ್ತಿದ್ದೇನೆ. ಯಾರೂ ಕಡಿಮೆ ಕೊಟ್ಟಿಲ್ಲ, ಸುಳ್ಳು ಹೇಳಬಾರದು. ಆದರೂ ಇನ್ನೊಂದು ಸಲ, ಒಂದೇ ಒಂದು ಸಲ, ಒಬ್ಬೊಬ್ಬರನ್ನೇ ಕರೆದು ಕೈಯಾರೆ ಕೊಡಬೇಕೆಂಬ ಆಸೆ. ಅದಕ್ಕೇ ಬೇಲಿ ತಂತಿ ಬಡಿದು ಮೊನೆ ಮಾಡಿ, ಜೀರುಂಡೆಯ ಮರಿಹುಳು ಹಿಂಡಿ ವಿಷ ಹಚ್ಚಿ, ಬೆಂಕಿಯ ಹತ್ತಿರ ಒಣಗಿಸಿ ಇಟ್ಟಿದ್ದೆ.

ಹೊಸ ಹೆಸರು ಎಲ್ಲರ ಬಾಣಗಳನ್ನೂ ತೆಗೆದುಕೊಂಡು, ಒಂದೊಂದಕ್ಕೂ ಒಂದೊಂದು ಕೊಂಕು ಹೇಳುತ್ತ ಬಂದ. ನನ್ನದನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ಒಳ್ಳೆ ಬಾಣ, ಹಳೇ ಹೆಸರೇ," ಎಂದ, ಮೆಲ್ಲಗೆ. ಅದಕ್ಕೊಂದು ತೊಗಲಿನ ಚೂರು ಸುತ್ತಿ ಬೇರೆಯಾಗಿ ಇಟ್ಟುಕೊಂಡ.

ಅವರು ಏಳುವಷ್ಟರಲ್ಲಿ ನಾನು ಊಚೆಯ ಕೈ ಹಿಡಿದೆಳೆದೆ. "ಆ ಬಾಣದಲ್ಲಿ ಏನಿತ್ತು? ನಿನಗೆ ಕಂಡಿರುತ್ತೆ."

ಅವಳು ನನ್ನ ಕಿವಿಯ ಹತ್ತಿರ ಬಾಗಿದಳು. "ತುದೀವರೆಗೂ ವಿಷ ಇತ್ತು."

ವಿಷ ಹಚ್ಚುವುದು ಮೊನೆಯ ಹಿಂದೆ. ತುದಿ ಬರಿದಾಗಿರಬೇಕು. ಬಾಣ ತೆಗೆಯುವಾಗ ಬೆರಳಿಗೆ ಗೀರಿದರೆ ಮುಗಿಯಿತು, ಅದಕ್ಕೆ ಮದ್ದಿಲ್ಲ. ಬಾಣ ಮಾಡಲು ಕೂತವನಿಗೆ ಮೊದಲ ದಿನ ಹೇಳಿಕೊಡುವ ಮಾತು ಇದು. ಹೊಸ ಹೆಸರಿಗೆ ಅದನ್ನು ಹೇಳಿಕೊಟ್ಟವನು ನಾನೇ.

ಸುಮ್ಮನಿದ್ದುಬಿಡಬಹುದಿತ್ತು. ಅವನಿಗೆ ಗೊತ್ತಾಗಿದೆ, ಹುಷಾರಾಗಿರುತ್ತಾನೆ, ಅದೃಷ್ಟ ಕೂಡಿ ಬಾಣ ನಾಟಿದರೆ ಮಾಂಸ ನನ್ನದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಈ ಯೋಚನೆ ಬಂದಿದ್ದು ನಿಜ.

"ಹೊಸ ಹೆಸರೇ, ನಿಲ್ಲು. ನನ್ನ ಬಾಣ ವಾಪಸ್ ಕೊಡು."

"ಯಾಕೆ, ಚೆನ್ನಾಗೇ ಇದೆಯಲ್ಲ."

"ಅದನ್ನ ಏನ್ ಮಾಡ್ಬೇಕು ಅಂತಿದ್ದೆ?"

ಅವನು ತಲೆ ತಗ್ಗಿಸಿದ. "ದಾರೀಲಿ ಹೂತುಬಿಟ್ಟು, ಗುರಿ ತಪ್ತು ಅಂತ ಹೇಳ್ತಿದ್ದೆ."

"ಆಮೇಲೆ ಮುಂದಿನ್ ಸಲ ನಾನು ಇಂಥದ್ದೇ ಇನ್ನೊಂದು ಮಾಡಿ ಕಾಶೆಗೆ ಕೊಡ್ತಿದ್ದೆ. ಅವನು ನಿನ್ನ ಥರ ತಿರುಗಿಸಿ ನೋಡೋನಲ್ಲ."

ಕಾಶೆ ತನ್ನ ಬೆರಳುಗಳನ್ನು ಮುಖದ ಹತ್ತಿರ ಹಿಡಿದು ನೋಡಿಕೊಂಡ.

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ತುದಿಗೂ ವಿಷ ಹಚ್ಚಿಬಿಟ್ಟಿದ್ದೀನಿ. ನನಗೆ ಕಾಣ್ಸಲ್ಲ. ಇನ್ಮೇಲೆ ನನ್ನ ಬಾಣ ಯಾರೂ ತಗೋಬೇಡಿ."

ಹೊಸ ಹೆಸರು ತೊಗಲು ಬಿಚ್ಚಿ ಬಾಣವನ್ನು ಕೆಂಡದಲ್ಲಿಟ್ಟ. ಕಡ್ಡಿ ಒಣಗಿತ್ತು, ಬೇಗ ಹತ್ತಿಕೊಂಡಿತು. ನಾನು ಹಂಚಬೇಕಿದ್ದ ಮಾಂಸವೂ ಅದರ ಜೊತೆಗೇ ಹೋಯಿತು.

ಇಬ್ಬರೂ ಹೊರಟರು. ಅವರ ಬೆನ್ನು ನನ್ನ ಕಣ್ಣಿನ ಮಂಜಿನಲ್ಲಿ ಕರಗುವ ಮೊದಲೇ ಹೊಸ ಹೆಸರಿನ ದನಿ ಕೇಳಿತು.

"ಹಳೇ ಹೆಸರೇ, ನನ್ನ ಕೊಂದು ಹೆಸರು ನೀನೊಬ್ನೇ ಇಟ್ಕೊಳ್ಳೋಣ ಅಂತಿದ್ಯಾ?"

ನಾನು ದನಿ ಬಂದ ಕಡೆ ತಿರುಗಿ ಕೂತೆ.

"ನಿನ್ನ ಬಾಣಕ್ಕಿಂತ ನಿನ್ನ ಮೂತೀನೇ ವಿಷ. ಹುಲ್ಲೆಗೆ ತೋರಿಸಿದ್ರೆ ಸಾಕು, ಬೀಳುತ್ತೆ. ಮಾಂಸ ಸಿಕ್ರೆ ನಿನಗೆ ಗೊರಸು ಮಾತ್ರ, ಕೇಳಿಸ್ತಾ?"

ಪಕ್ಕದಲ್ಲಿ ಊಚೆ ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವನು ಪೊದೆಗಳಾಚೆ ದಾಟುವ ತನಕ ಬೈಯುತ್ತಲೇ ಹೋದ. ನಾನು ಕಿವಿಯ ಹಿಂದೆ ಕೈಯಿಟ್ಟುಕೊಂಡು, ಒಂದು ಬೈಗುಳವೂ ತಪ್ಪಿಹೋಗದಂತೆ, ಕೊನೆಯವರೆಗೂ ಕೇಳಿದೆ.