ಹೊರ ಅಂಚಿನ ಮೇಲೆ ಒಂದು ಸುತ್ತು

ಸ್ಕೇಟಿಂಗ್ ಅಂಗಳದ ಐಸ್ ನಯ ಮಾಡುವ ಗಾಡಿ ಮೂಲೆ ತಿರುಗಿ ಬರುತ್ತಿದೆ, ಗಬ್ಬದ ಎಮ್ಮೆಯ ನಡಿಗೆ, ಹಿಂದೆ ನೀರಿನ ಹೊಳೆಯುವ ಪಟ್ಟೆ, ಅದರಡಿ ಗೀರುಗಳೆಲ್ಲ ಮಾಯ — ಗಾಡಿಯವನು ತಿರುವನ್ನು ಅಗಲಕ್ಕೆ ತೆಗೆದುಕೊಂಡ, ಸ್ಟೇರಿಂಗ್ ತಿರುಗಿಸಿದ್ದು ತಡವಾಯಿತು, ಎಂದು ಡ್ರೈವಿಂಗ್ ಮೇಷ್ಟ್ರ ಮನಸ್ಸು ತನ್ನ ಪಾಡಿಗೆ ತಾನು ಅಂಕ ಕಳೆಯಿತು, ಕಳೆದ ಮೇಲೆ ನಾಚಿತು, ಇನ್ನೂ ಇನ್ನೊಬ್ಬರ ತಪ್ಪು ಹುಡುಕುತ್ತಿದ್ದೀಯಲ್ಲೋ, ಮಾನ ಅನ್ನುವುದು ಇದೆಯೇ ನಿನಗೆ. ಪ್ಯಾಂಟಿನ ಹಿಂಭಾಗ ಒದ್ದೆ, ಬೆಂಚು ತಣ್ಣಗೆ, ಸ್ಕೇಟ್ ಬೂಟಿನ ಲೇಸ್ ಬಿಚ್ಚಬೇಕು, ಬೆರಳುಗಳಿಗೆ ಮನಸ್ಸಿಲ್ಲ. ಆಚೆ ಬದಿಯ ಬೆಂಚಿನಲ್ಲಿ ಮಗಳು ಕೂತಿದ್ದಾಳೆ, ಮನೆಯಲ್ಲಿ ಎಲ್ಲರೂ ಚಿನಕುರಳಿ ಎಂದು ಕರೆಯುವವಳು, ಐದು ನಿಮಿಷ ಸುಮ್ಮನಿದ್ದರೆ ಜ್ವರ ಬಂತೇನೋ ಎಂದು ಅವಳಮ್ಮ ಹಣೆ ಮುಟ್ಟಿ ನೋಡುವಂಥವಳು, ಈಗ ಸುಮ್ಮನೆ ಕೂತಿದ್ದಾಳೆ. ಅವಳ ಸೊಂಟದಲ್ಲಿ ಸಂಗೀತದ ಸರದಿ ಬಂದವರು ಕಟ್ಟುವ ಕೆಂಪು ಪಟ್ಟಿ ಇಲ್ಲ, ಕೋಚ್ ಮೇಡಂ ಬಿಚ್ಚಿಸಿ ಇನ್ನೊಬ್ಬ ಹುಡುಗಿಗೆ ಕೊಟ್ಟರು. ನಾಳೆ ಪರೀಕ್ಷೆ, ಚಳಿಗಾಲ ಪೂರ್ತಿ ಅದಕ್ಕಾಗಿಯೇ ಬಿದ್ದು ಎದ್ದವಳು, ನಾಳೆ ನಿನ್ನ ಹೆಸರಿಲ್ಲ ಎಂದುಬಿಟ್ಟರು ಮೇಡಂ, ಈ ಅಪ್ಪನಿಂದ, ಅವನೊಬ್ಬನಿಂದ, ಮತ್ತು ಅದು ಗೊತ್ತಿರುವುದು ಅವನಿಗೆ ಮತ್ತು ಮಗಳಿಗೆ ಮಾತ್ರ.

ಬರೀ ಕೂತ್ಕೊಂಡು ನೋಡ್ತೀಯಲ್ಲಪ್ಪ, ನೀನೂ ಕಲಿ ಬಾ, ಎಂದು ಎಳೆದು ತಂದವಳೇ ಅವಳು, ಈ ವಯಸ್ಸಿನಲ್ಲಿ ಸೊಂಟ ಮುರ್ಕೊಂಡ್ರೆ ಎಣ್ಣೆ ಹಚ್ಚೋಕೆ ನನ್ನ ಕರೀಬೇಡಿ, ಎಂದು ಹೆಂಡತಿ ನಕ್ಕಿದ್ದಳು. ಬೂಟಿನಡಿಯ ಅಲಗಿನ ಒಳ ಅಂಚಿನ ಮೇಲೆ ನಿಲ್ಲುವುದು ಬೇಗ ಬಂತು, ಎರಡು ಮೊಣಕಾಲೂ ಒಂದಕ್ಕೊಂದು ಗುಟ್ಟು ಹೇಳುವ ಹಾಗೆ ಒಳಕ್ಕೆ ಬಾಗಿಸಿಕೊಂಡು ಯಾರು ಬೇಕಾದರೂ ನಿಲ್ಲಬಹುದು, ಆದರೆ ಹೊರ ಅಂಚು, ಅಲಗಿನ ಆಚೆ ಬದಿ, ಕಿರುಬೆರಳ ಕಡೆ — ಒಂದೇ ಕಾಲ ಮೇಲೆ ಮೈ ಪೂರ್ತಿ ವೃತ್ತದೊಳಕ್ಕೆ ವಾಲಬೇಕು, ಇನ್ನೊಂದು ಕಾಲು ಹಿಂದೆ ಗಾಳಿಯಲ್ಲಿ, ಹಿಡಿಯಲು ಏನೂ ಇಲ್ಲ. ಭಾರ ಹಾಕಿ ಸರ್, ಬೀಳಲ್ಲ, ಬೀಳ್ತೀನಿ ಅಂದ್ಕೊಳ್ಳೋದ್ರಿಂದ್ಲೇ ಬೀಳ್ತಿದೀರ, ಎನ್ನುತ್ತಾರೆ ಮೇಡಂ, ಅವನು ಕಾರಿನಲ್ಲಿ ದಿನವೂ ಹೇಳುವ ಮಾತು, ಭಯ ಬಿಡ್ರೀ, ಗಾಡಿ ನಿಮ್ಮ ಮಾತು ಕೇಳುತ್ತೆ, ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದ ಹಾಗೆ ಅವನು ವಾರಗಟ್ಟಲೆ ಬಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇಲ್ಲಿ ಆ ಸಬೂಬೂ ಇಲ್ಲ, ನೆಲ ಕನ್ನಡಿಯಷ್ಟು ಸಮ. ಡೊಂಕು ಅವನ ಬಲಗಾಲಿನಲ್ಲಿತ್ತು. ಕಲಿಸುವವನ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಗಾಬರಿಯಾಗುವ ಮೊದಲೇ ಅವನ ಬಲಗಾಲು ಅದನ್ನು ಒತ್ತಿರುತ್ತದೆ, ಎಷ್ಟೋ ವರ್ಷದ ಅಭ್ಯಾಸ, ಎದೆ ಝಲ್ಲೆಂದರೆ ಸಾಕು ಕಾಲು ತಾನೇ ಕೆಳಗಿಳಿಯುತ್ತದೆ — ಐಸಿನ ಮೇಲೂ, ಎಡಗಾಲಲ್ಲಿ ಚೆನ್ನಾಗಿ ಜಾರುತ್ತಿರುವಾಗ, ಹಿಂದೆ ತೇಲಬೇಕಾದ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿಕೊಂಡು ಇಳಿಯುತ್ತದೆ, ಇಳಿದದ್ದೇ ಎಡಗಾಲು ಒಳ ಅಂಚಿಗೆ ಮಗುಚುತ್ತದೆ, ವೃತ್ತ ಒಡೆದು ಅವನು ಹೊರಕ್ಕೆ, ಯಾರ ದಾರಿಗೋ. ಕಾರಿನ ಬ್ರೇಕ್ ಬಿಟ್ಟು ಬನ್ನಿ ಸರ್, ಎಂದು ಮೇಡಂ ಹೇಳಿ ಹೇಳಿ ಸೋತಿದ್ದರು.

ಇವತ್ತು ಆ ಹೊರ ಅಂಚು ಬಂದಿತ್ತು, ಅದೇ ಸಂಕಟ, ಇವತ್ತು ನಿಜಕ್ಕೂ ಬಂದಿತ್ತು, ಅರ್ಧ ವೃತ್ತ ಒಂದೇ ಕಾಲಲ್ಲಿ, ಅಲಗು ಸದ್ದೇ ಇಲ್ಲದೆ, ರೇಷ್ಮೆ ಕತ್ತರಿಸಿದ ಹಾಗೆ, ಮುಖಕ್ಕೆ ತಣ್ಣನೆ ಗಾಳಿ, ಅಷ್ಟರಲ್ಲಿ ಸಂಗೀತ ಶುರುವಾಯಿತು, ಮಗಳ ಪರೀಕ್ಷೆಯ ಸಂಗೀತ, ಊಟ ಮಾಡುವಾಗಲೂ ಅವಳು ಗುನುಗುವುದು, ಅವನಿಗೆ ಗೊತ್ತಾಗಲಿಲ್ಲ ಎನ್ನುವ ಹಾಗಿಲ್ಲ. ಕೆಂಪು ಪಟ್ಟಿಯವರ ಸಂಗೀತ ಬಂದರೆ ಉಳಿದವರು ಗೋಡೆಗೆ ಸರಿಯಬೇಕು, ಮೊದಲ ದಿನವೇ ಹೇಳಿಕೊಡುವ ನಿಯಮ, ದಾರಿ ಬಿಡುವುದನ್ನೇ ಕಲಿಸಿ ಅನ್ನ ತಿನ್ನುವವನು ಸರಿಯಲಿಲ್ಲ, ಇನ್ನೊಂದೇ ಸುತ್ತು, ಇಷ್ಟು ಚೆನ್ನಾಗಿ ಬರುತ್ತಿದೆ, ಅವಳೂ ನೋಡಲಿ. ಅವಳು ಹಿಂದುಹಿಂದಕ್ಕೆ ಜಾರಿ ಬರುತ್ತಿದ್ದಳು, ಭುಜದ ಮೇಲಿಂದ ತಿರುಗಿ ನೋಡಿದಳು, ನೋಡಿದ್ದನ್ನು ಅವನು ಕಂಡ, ಕಣ್ಣಿಗೆ ಕಣ್ಣು ಸೇರಿತ್ತು, ದಾರಿ ಖಾಲಿಯಿತ್ತು, ಆಮೇಲೆ ಅವನ ಎದೆ ಝಲ್ಲೆಂದಿತು, ಬಲಗಾಲು ಇಳಿಯಿತು. ಇಬ್ಬರೂ ಬಿದ್ದರು. ಸಂಗೀತ ಓಡುತ್ತಲೇ ಇತ್ತು. ಅವಳೇ ಮೊದಲು ಎದ್ದು ಬಗ್ಗಿ ಕೈ ನೀಡಿದಳು, ನೀಲಿ ಉಣ್ಣೆಯ ಕೈಗವಸು, ಅಂಗೈ ತುಂಬ ಐಸಿನ ಪುಡಿ. ಆ ಕೈ ಹಿಡಿಯಬೇಕಿತ್ತು. ಗೋಡೆಯ ಬಳಿ ಹುಡುಗಿಯರು ನಗು ತಡೆದುಕೊಳ್ಳುತ್ತಿದ್ದರು, ಮೇಡಂ ಯಾವುದೋ ಮಗುವಿನ ಬೂಟಿನ ಲೇಸ್ ಕಟ್ಟುವುದನ್ನು ಬಿಟ್ಟು ಓಡಿ ಬರುತ್ತಿದ್ದರು, ಮತ್ತು ಅವನ ಬಾಯಿಂದ ಬಂತು, ಹಿಂದೆ ನೋಡ್ಕೊಂಡು ಬರೋಕಾಗಲ್ವಾ ನಿಂಗೆ, ಕಾರಿನಲ್ಲಿ ಬರುವ ಅದೇ ದನಿ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಕೈಗವಸು ಹಾಗೇ ಇತ್ತು, ಮುಖದ ಮುಂದೆ. ಅವನು ಐಸಿಗೇ ಕೈ ಊರಿ ಎದ್ದ. ನೋಡ್ಲಿಲ್ವಾ ನೀನು, ಎಂದರು ಮೇಡಂ ಅವಳಿಗೆ. ಅವಳು ಅಪ್ಪನ ಕಡೆ ನೋಡಿದಳು, ಒಂದು ಉಸಿರಿನಷ್ಟು ಕಾದಳು, ಕಾದದ್ದು ಅವನಿಗೆ ತಿಳಿಯಿತು, ನಂದೇ ತಪ್ಪು ಮೇಡಂ, ಎಂದಳು. ಹಿಂದೆ ನೋಡದೆ ಜಾರೋರನ್ನ ನಾನು ಪರೀಕ್ಷೆಗೆ ಕಳಿಸಲ್ಲ, ಪಟ್ಟಿ ಬಿಚ್ಚು, ಎಂದರು ಮೇಡಂ.

ಗಾಡಿ ಹೊರಗೆ ಹೋಯಿತು, ಬಾಗಿಲು ಮುಚ್ಚಿತು, ಐಸು ಯಾರೂ ತುಳಿಯದ ಹಾಗೆ ಬಿದ್ದಿದೆ, ಅವನ ವೃತ್ತ ಒಡೆದ ಜಾಗವೂ ಈಗ ಸಪಾಟು, ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ — ಛೀ. ಎದ್ದ, ಅಲಗಿನ ಮೇಲೇ ರಬ್ಬರ್ ನೆಲದಲ್ಲಿ ತಟ್ಟಾಡುತ್ತ ಸುತ್ತು ಹಾಕಿ ಆಚೆ ಬದಿಗೆ, ಮೇಡಂ ಮತ್ತು ಮಗಳಿದ್ದಲ್ಲಿಗೆ ಹೋದ, ಮೇಡಂ, ತಪ್ಪು ನಂದು, ಅವಳು ನೋಡಿದ್ಲು, ಸಂಗೀತ ಕೇಳಿಸ್ತಿದ್ರೂ ನಾನೇ ಸರೀಲಿಲ್ಲ, ನಾನೇ ಅಡ್ಡ ಬಂದೆ. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎನ್ನುತ್ತಾರೆ, ಯಾರು ಹೇಳಿದರೋ, ಅವರು ಮಗಳ ಮುಂದೆ ಹೇಳಿರಲಿಕ್ಕಿಲ್ಲ. ಮೇಡಂ ಅವನನ್ನು ನೋಡಲಿಲ್ಲ, ಅವಳ ಕಡೆ ತಿರುಗಿದರು, ಮತ್ಯಾಕಮ್ಮ ನಿಂದು ಅಂದೆ. ಅವಳು ಉಗುರು ನೋಡಿಕೊಂಡಳು, ಅಪ್ಪ ಹಾಗಂದ್ರಲ್ಲ, ಅದಕ್ಕೆ. ಅಂದ್ರಲ್ಲ, ಎಂದಳು, ಮನೆಯಲ್ಲಿ ಅಪ್ಪನನ್ನು ಹೋಗೋ ಬಾರೋ ಎನ್ನುವವಳು. ಅಷ್ಟೇ. ಪಟ್ಟಿ ವಾಪಸು ಬಂತು, ನಾಳೆ ಬೇಗ ಬಾ, ಎಂದರು ಮೇಡಂ, ಅವಳು ಗಂಟು ಹಾಕಿಕೊಂಡಳು, ಹೆಸರು ಉಳಿಯಿತು, ಅವನು ಬಂದದ್ದು ಅದಕ್ಕೇ, ಉಳಿಯಿತು, ಸಂತೋಷಪಡಬೇಕು. ಅವಳು ಅವನ ಪಕ್ಕದಲ್ಲೇ ಹಾದು ಐಸಿಗೆ ಇಳಿದಳು, ಹೊರ ಅಂಚಿನ ಮೇಲೆ ವಾಲಿ ಹೊರಟೇಬಿಟ್ಟಳು, ಎಷ್ಟು ಸಲೀಸು, ಎಷ್ಟು ಬೇಗ ದೂರ, ನೋಡಬೇಕು, ಅವಳು ಜಾರುವುದನ್ನು ನೋಡಬೇಕು, ಆದರೆ ಕಣ್ಣಿಗೆ ಬರುತ್ತಿರುವುದು ಅದೊಂದೇ, ನೀಲಿ ಕೈಗವಸು, ಅಂಗೈಯಲ್ಲಿ ಐಸಿನ ಪುಡಿ, ಮುಖದ ಮುಂದೆ, ನೀಡಿದ್ದು, ನೀಡಿಯೇ ಇದ್ದದ್ದು